ನೋವಿನ ನುಡಿಗಟ್ಟು

ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅರ್ಧ ದಿನ ಸುಮ್ಮನೆ ಕುಳಿತು ನೋಡಿದವರಿಗೆ ಒಂದು ದೃಶ್ಯ ತಪ್ಪದೆ ಕಣ್ಣಿಗೆ ಬೀಳುತ್ತದೆ. ಚೀಟಿ ಹಿಡಿದು, ಸರತಿಯಲ್ಲಿ ಬಹಳ ಹೊತ್ತು ನಿಂತು, ಕೊನೆಗೂ ವೈದ್ಯರ ಮೇಜಿನ ಮುಂದಿನ ಸ್ಟೂಲಿನ ಮೇಲೆ ಸೆರಗು ಹೊದ್ದು ಕುಳಿತ ಹೆಂಗಸನ್ನು ವೈದ್ಯರು "ಏನಮ್ಮಾ ತೊಂದರೆ?" ಎಂದು ಕೇಳುತ್ತಾರೆ, ಆಕೆ ತಲೆಯೆತ್ತುವಷ್ಟರಲ್ಲಿ ಹಿಂದೆ ನಿಂತ ಗಂಡನೋ, ಅತ್ತೆಯೋ, ನಾಲ್ಕಕ್ಷರ ಕಲಿತ ಮಗನೋ ಉತ್ತರ ಕೊಟ್ಟು ಮುಗಿಸಿರುತ್ತಾರೆ. ಉತ್ತರ ಕೊಟ್ಟವರಲ್ಲಿ ದುರುದ್ದೇಶವಿರುವುದಿಲ್ಲ. ಹಲವು ವೇಳೆ ಅದು ಪ್ರೀತಿಯಿಂದಲೇ ಹುಟ್ಟಿದ ಆತುರ. ಆದರೆ ನೋವು ಒಬ್ಬರದು, ಅದನ್ನು ನುಡಿದ ನಾಲಗೆ ಇನ್ನೊಬ್ಬರದು. ದೇಹದಿಂದ ಹೊರಟ ಸಂಕಟ ವೈದ್ಯನ ಕಿವಿಯನ್ನು ಮುಟ್ಟುವ ದಾರಿಯಲ್ಲಿ ಹೆಣ್ಣುತನ, ಗಂಡುತನ, ವಯಸ್ಸು, ಕುಲಾಚಾರ, ಒಲವಿನ ರೀತಿ ಇವೆಲ್ಲ ಒಂದೊಂದು ಸುಂಕದ ಕಟ್ಟೆಯಂತೆ ನಿಂತಿರುತ್ತವೆ. ಪ್ರತಿಯೊಂದು ಕಟ್ಟೆಯಲ್ಲಿಯೂ ಸ್ವಲ್ಪ ಮಾತು ಇಳಿದುಹೋಗುತ್ತದೆ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಗಣ್ಯವಾದ ನಿದರ್ಶನವುಂಟು. ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು 1970ರ ದಶಕದಲ್ಲಿ ದಕ್ಷಿಣ ಕನ್ನಡದಲ್ಲಿ ನೆಲಸಿ, ಅಲ್ಲಿನ ಹವ್ಯಕ ಮನೆಗಳ ಹೆಂಗಸರು ತಮ್ಮ ಅಂತರಂಗದ ಬೇಗೆಯನ್ನು ಹೇಗೆ ಹೊರಗೆಡಹುತ್ತಾರೆಂಬುದನ್ನು ಗಮನಿಸಿ, 1981ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅಡಕೆ ತೋಟದ ನಡುವಿನ ಒಂಟಿ ಮನೆ, ದೂರದ ತವರು, ಅತ್ತೆಯ ಅಧೀನದ ಅಡುಗೆಮನೆ, ಇಂಥ ಕಡೆ ಸೊಸೆಯಾದವಳು ತನಗೆ ದುಃಖವಾಗಿದೆಯೆಂದು ಬಾಯಿಬಿಟ್ಟು ಹೇಳಿದರೆ ಅದು ಮನೆತನದ ಮೇಲಿನ ದೂರಾಗುತ್ತದೆ. ಆದಕಾರಣ ಆ ದುಃಖ ಒಮ್ಮೆ ಉಪವಾಸವಾಗಿ, ಒಮ್ಮೆ ಮಿತಿಮೀರಿದ ಮಡಿಯಾಗಿ, ಮತ್ತೊಮ್ಮೆ ಮೈಮೇಲೆ ಬರುವ ಆವೇಶವಾಗಿ ಪ್ರಕಟವಾಗುತ್ತದೆ. ಕನ್ನಡದಲ್ಲಿ 'ಸಂಕಟದ ನುಡಿಗಟ್ಟು' ಎನ್ನಬಹುದಾದ ಮಾತನ್ನು ನಿಕ್ಟರ್ ಆ ಪ್ರಬಂಧದ ಶೀರ್ಷಿಕೆಯಲ್ಲಿಯೇ ಇಟ್ಟರು. ಅಮೆರಿಕದ ಮನೋವೈದ್ಯ ಸಂಘದ ರೋಗನಿರ್ಣಯ ಕೈಪಿಡಿಯ 2013ರ ಆವೃತ್ತಿಯೂ ಆ ಪರಿಭಾಷೆಯನ್ನು ಸ್ವೀಕರಿಸಿದೆ. ಲೋಕದ ಮನೋವೈದ್ಯರು ಇಂದು ಬಳಸುವ ಆ ಮಾತಿನ ಬೇರು ನಮ್ಮ ಕರಾವಳಿಯ ಒಳಮನೆಗಳಲ್ಲಿದೆ ಎಂಬುದನ್ನು ನಾವು ಮರೆಯಬಾರದು. ಹಾಗೆಯೇ, ಆ ಒಳಮನೆಗಳ ಮಾತನ್ನು ಹತ್ತಿರದಲ್ಲಿದ್ದ ನಾವು ಕೇಳದೆ, ದೂರದಿಂದ ಬಂದವರು ಕೇಳಿದರೆಂಬುದನ್ನೂ.

ನಿಕ್ಟರ್ ದಂಪತಿಗಳು ಅದೇ ಜಿಲ್ಲೆಯಲ್ಲಿ ಗರ್ಭಿಣಿಯರ ಆಹಾರವನ್ನು ಕುರಿತೂ ವಿಚಾರಿಸಿದ್ದರು. ಹೊಟ್ಟೆಯೊಳಗೆ ಕೂಸಿಗೂ ಅನ್ನಕ್ಕೂ ಇರುವ ಎಡೆ ಒಂದೇ, ತಾಯಿ ಹೆಚ್ಚು ಉಂಡರೆ ಕೂಸಿಗೆ ಇಕ್ಕಟ್ಟು, ಕೂಸು ದಪ್ಪವಾದರೆ ಹೆರಿಗೆ ಕಷ್ಟ ಎಂಬ ನಂಬಿಕೆಯನ್ನು ಅವರು ಅಲ್ಲಿ ಕಂಡರು. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಹತ್ತಾರು ಮೈಲಿಯೊಳಗೆ ಶಸ್ತ್ರಚಿಕಿತ್ಸೆಯ ಸೌಕರ್ಯವಿಲ್ಲದ ಕಾಲದಲ್ಲಿ, ಅಡ್ಡಬಿದ್ದ ದೊಡ್ಡ ಶಿಶುವಿನಿಂದ ತಾಯಿ ಸತ್ತುದನ್ನು ಕಣ್ಣಾರೆ ಕಂಡ ಹಿರಿಯಳೊಬ್ಬಳು ಚಿಕ್ಕ ಕೂಸನ್ನೇ ಹಾರೈಸಿದ್ದರೆ, ಅದರಲ್ಲಿ ಅನುಭವದಿಂದ ಬಂದ ಒಂದು ಲೆಕ್ಕಾಚಾರವಿತ್ತು. ಕಾಲ ಬದಲಾದರೂ ಲೆಕ್ಕ ಹಾಗೆಯೇ ಉಳಿಯಿತು. ಕಬ್ಬಿಣಾಂಶದ ಮಾತ್ರೆ 'ಉಷ್ಣ'ವೆಂದು ಅಟ್ಟ ಸೇರುವುದೂ, ಮನೆಮಂದಿಯೆಲ್ಲ ಉಂಡ ಮೇಲೆ ತಳದಲ್ಲಿ ಉಳಿದದ್ದು ಹೆಂಗಸಿನ ಪಾಲಾಗುವುದೂ ಒಟ್ಟುಗೂಡಿದ ಫಲವನ್ನು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ: 15ರಿಂದ 49ರ ವಯಸ್ಸಿನೊಳಗಿನ ಭಾರತೀಯ ಸ್ತ್ರೀಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ; ಅದೇ ವಯಸ್ಸಿನ ಗಂಡಸರಲ್ಲಿ ಶೇಕಡಾ 25.

ಗಂಡಸಿಗೂ ತನ್ನದೇ ಆದ ಮೌನವುಂಟು. ಬಸ್ ನಿಲ್ದಾಣದ ಗೋಡೆಗಳ ಮೇಲೆ 'ಗುಪ್ತರೋಗ'ದ ಚೀಟಿಗಳನ್ನು ಯಾರು ಕಂಡಿಲ್ಲ? ತಿಂಗಳಿಗೊಮ್ಮೆ ಊರಿಗೆ ಬಂದು ಲಾಡ್ಜಿನಲ್ಲಿ ಕೂಡುವ ವೈದ್ಯರ ಬಳಿಗೆ ಹರೆಯದ ಹುಡುಗರು ಗುಟ್ಟಾಗಿ ಹೋಗಿ, 'ಧಾತು ಹೋಗುತ್ತಿದೆ' ಎಂದು ಹೇಳಿ ಹಣ ಸುರಿದು ಬರುತ್ತಾರೆ. ರಸದಿಂದ ಮೊದಲ್ಗೊಂಡು ಶುಕ್ರದವರೆಗಿನ ಸಪ್ತಧಾತುಗಳ ಕಲ್ಪನೆ ಆಯುರ್ವೇದದ್ದು. ಕೊನೆಯ ಧಾತು ಎಲ್ಲದರ ಸಾರವೆಂದಮೇಲೆ ಅದರ ನಷ್ಟವೇ ನಿಶ್ಶಕ್ತಿಗೆ ಮೂಲವೆಂದು ಹುಡುಗನಿಗೆ ತೋರುವುದು ಸಹಜ. ಭಾರತೀಯ ಮನೋವೈದ್ಯಶಾಸ್ತ್ರದ ಹಿರಿಯರಾದ ಎನ್. ಎನ್. ವಿಗ್ ಅವರು 1960ರಲ್ಲಿ ಇದಕ್ಕೊಂದು ವೈದ್ಯಕೀಯ ನಾಮಧೇಯವನ್ನು ಕೊಟ್ಟು, ಇದರ ಹಿಂದೆ ಅಡಗಿರುವುದು ಬಹುಮಟ್ಟಿಗೆ ಆತಂಕ ಮತ್ತು ಖಿನ್ನತೆ ಎಂಬುದರತ್ತ ವೈದ್ಯರ ಗಮನವನ್ನು ಸೆಳೆದರು. ಅಳುವುದು ಗಂಡಸಿಗೆ ತಕ್ಕದ್ದಲ್ಲವೆಂದು ಕಲಿಸಿದ ಸಮಾಜದಲ್ಲಿ, ಅಳಬೇಕಾದ ಹುಡುಗ ತನ್ನ ಅಳಲಿಗೆ ಧಾತುವಿನ ಹೆಸರಿಟ್ಟನು.

ಹೆಂಗಸಿನ ಬಾಯಲ್ಲಿ ಇದರ ಜೋಡಿಪದ 'ಬಿಳಿ ಹೋಗುವುದು'. ಸೊಂಟನೋವು, ಕಣ್ಣು ಕತ್ತಲೆ, ಕೈಕಾಲು ಸೋಲು ಇವುಗಳೊಡನೆ ಅದನ್ನು ಸೇರಿಸಿ, ದನಿ ತಗ್ಗಿಸಿ ಹೇಳುತ್ತಾರೆ. ಅದರಲ್ಲಿ ನಿಜವಾದ ಸೋಂಕು ಇರುವುದುಂಟು, ಪರೀಕ್ಷಿಸದೆ ಬಿಡತಕ್ಕದ್ದಲ್ಲ. ಆದರೆ ಗೋವೆಯಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಅವರ ಸಂಗಡಿಗರು ವಿಚಾರಿಸಿದಾಗ, ಈ ದೂರಿಗೆ ಸೋಂಕಿಗಿಂತ ಬಲವಾದ ನಂಟು ಇದ್ದುದು ಮನಸ್ಸಿನ ಕ್ಲೇಶದೊಡನೆ ಮತ್ತು ಸಂಸಾರದ ಬವಣೆಯೊಡನೆ ಎಂದು ಕಂಡುಬಂದಿತು. ಮೈ ಕರಗುತ್ತಿದೆ ಎಂದು ಹೇಳುವ ಹೆಂಗಸು ತನ್ನ ಬಾಳು ಕರಗುತ್ತಿದೆ ಎಂದು ಹೇಳುತ್ತಿರಬಹುದು.

ಆ ಮಾತನ್ನು ತಪ್ಪಾಗಿ ಕೇಳಿದರೆ ಏನಾಗುತ್ತದೆಂಬುದನ್ನು ಬರೆಯುವಾಗ ಲೇಖನಿ ಭಾರವಾಗುತ್ತದೆ. ಕಳೆದ ದಶಕದಲ್ಲಿ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಿಂದ ಕೇಳಿಬಂದ ದೂರು ಇದೇ ಆಗಿತ್ತು: ಹೊಟ್ಟೆನೋವು, ಬಿಳಿ ಹೋಗುವುದು ಎಂದು ಹೋದ ಹರೆಯದ ಹೆಂಗಸರಿಗೆ, ಮುಂದೆ ಕ್ಯಾನ್ಸರ್ ಆದೀತೆಂಬ ಭೀತಿಯನ್ನು ಹುಟ್ಟಿಸಿ, ಗರ್ಭಕೋಶವನ್ನೇ ತೆಗೆಯಲಾಯಿತೆಂಬುದು. ಮಕ್ಕಳಾದ ಮೇಲೆ ಆ ಚೀಲದಿಂದೇನು ಪ್ರಯೋಜನ ಎಂಬ ಮನೆಯವರ ಉದಾಸೀನವೂ, ಬಡವರ ವಿಮಾಚೀಟಿಯೂ, ಕೂಲಿ ತಪ್ಪಿಸಲಾರದ ಅವಸರವೂ ಅಲ್ಲಿ ಕತ್ತಿಗೆ ಸಾಣೆ ಹಿಡಿದವು. ಬೇರೆ ರಾಜ್ಯಗಳಿಂದಲೂ ಇಂಥ ದೂರುಗಳು ಬಂದು, 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ನುಡಿಗಟ್ಟನ್ನು ಅಕ್ಷರಶಃ ತಿಳಿದುಕೊಂಡ ವೈದ್ಯ ಇಷ್ಟು ದೂರ ಹೋಗಬಲ್ಲನು.

ಹಾಗಾದರೆ ಕೇಳಬಲ್ಲವರು ಯಾರೂ ಇರಲಿಲ್ಲವೆ? ಇದ್ದರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ವಿದ್ಯೆ ಕಲಿತು, ಏಳು ದಶಕಗಳ ಕಾಲ, ಒಂದು ಕಾಸೂ ಬೇಡದೆ, 15,000ಕ್ಕೂ ಮಿಕ್ಕಿ ಹೆರಿಗೆ ಮಾಡಿಸಿದರೆಂದು ಹೇಳುತ್ತಾರೆ. 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಕೈಗುಣವೆಂದು ಜನ ಕೊಂಡಾಡಿದ್ದು ಬೆರಳುಗಳ ಚಾತುರ್ಯವನ್ನು ಮಾತ್ರವಲ್ಲ. ಗಂಡಸರಿಲ್ಲದ ಕೋಣೆಯಲ್ಲಿ, ತನ್ನದೇ ಮಾತಿನಲ್ಲಿ, ನಾಚದೆ ನರಳುವ ಹಕ್ಕು ಹೆರುವವಳಿಗೆ ಅಲ್ಲಿ ದೊರಕುತ್ತಿತ್ತು.

ಆದರೂ ಸಂಪ್ರದಾಯದ ಮಡಿಲೆಲ್ಲ ಮೆತ್ತಗಿನದೆಂದು ನಾನು ಹೇಳಲಾರೆ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಜೋಲುತ್ತದೆಂದು ಹಾಲೂಡುವ ತಾಯಿಯ ಬಾಯಾರಿಸಿದ್ದು ಅದೇ ಸಂಪ್ರದಾಯ. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವಳೂ ಬಾಣಂತಿಯೂ ಸೂತಕದ ಹೆಸರಿನಲ್ಲಿ ಊರ ಹೊರಗಿನ ಗುಡಿಸಲಲ್ಲಿ ಇರಬೇಕಾಗಿದ್ದು, 2023ರ ಮಳೆಗಾಲದಲ್ಲಿ ತುಮಕೂರಿನ ಸಮೀಪದ ಒಂದು ಹಟ್ಟಿಯ ಹಸುಗೂಸು ಅಂಥ ಗುಡಿಸಲಿನ ಚಳಿಗೆ ಸಿಕ್ಕಿ ತೀರಿಹೋಯಿತು. ಇಂಥ ಬಹಿಷ್ಕಾರವನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ವಿಧಾನಮಂಡಲ 2017ರಲ್ಲಿಯೇ ಅಂಗೀಕರಿಸಿತ್ತು. ಇನ್ನು ಹೆತ್ತ ಕೆಲವು ದಿನಗಳಲ್ಲಿ ಬುದ್ಧಿ ಕದಡಿ ಕೂಸನ್ನೇ ಗುರುತಿಸದೆ ಹೋಗುವ ಸ್ಥಿತಿಗೆ 'ಬಾಣಂತಿ ಸನ್ನಿ' ಎಂದು ಹೆಸರಿಟ್ಟವರು ನಮ್ಮ ಹಳ್ಳಿಯ ಹೆಂಗಸರೇ. ಅವರು ರೋಗವನ್ನು ಸರಿಯಾಗಿ ಗುರುತಿಸಿದ್ದರು. ಚಿಕಿತ್ಸೆಯನ್ನು ಮಾತ್ರ ತಾಯತದಲ್ಲಿ ಅರಸಿದರು. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತೆರೆದ ತಾಯಿ-ಮಗು ವಿಭಾಗದಲ್ಲಿ ಇಂಥ ತಾಯಿಯನ್ನು ಕೂಸಿನಿಂದ ಅಗಲಿಸದೆ, ಜೊತೆಗೆ ಮನೆಯ ಹೆಂಗಸೊಬ್ಬಳನ್ನೂ ಇರಿಸಿಕೊಂಡು ಉಪಚರಿಸುತ್ತಾರೆ. ಬಾಣಂತನದ ಒಳ್ಳೆಯ ಅಂಶ ಆಸ್ಪತ್ರೆಯೊಳಕ್ಕೆ ಬಂದದ್ದು ಹೀಗೆ.

ಸ್ತ್ರೀ ವಾರ್ಡು, ಪುರುಷ ವಾರ್ಡು ಎಂಬ ಎರಡೇ ಬಾಗಿಲುಗಳಿರುವ ಕಟ್ಟಡದ ಮುಂದೆ ಜ್ವರದಿಂದ ನಡುಗುತ್ತ ನಿಂತ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಜೋಗತಿಯೊಬ್ಬಳು ಯಾವ ಬಾಗಿಲನ್ನು ಹೊಗಬೇಕು? ಯಲ್ಲಮ್ಮನ ಕೊಡ ಹೊತ್ತು ಬಂದಾಗ ಕೈಮುಗಿದ ಜನವೇ ಪಕ್ಕದ ಹಾಸಿಗೆಯಲ್ಲಿ ಮಲಗಿದಾಗ ಮುಖ ತಿರುಗಿಸುತ್ತಾರೆ. ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ತೀರ್ಪಿನಲ್ಲಿ ತೃತೀಯ ಲಿಂಗವನ್ನು ಮಾನ್ಯಮಾಡಿ, ಆಸ್ಪತ್ರೆಗಳಲ್ಲಿ ಅವರಿಗೆ ತಕ್ಕ ಚಿಕಿತ್ಸೆಯನ್ನು ಒದಗಿಸಬೇಕೆಂದು ಸರ್ಕಾರಗಳಿಗೆ ಹೇಳಿತು. ಸಲಿಂಗದವರನ್ನು ಒಲಿದವರ ಸಂಗತಿ ಇನ್ನೂ ವಿಷಾದಕರ: ಅವರಿಗೆ ಇಲ್ಲದ ರೋಗಕ್ಕೆ ವರ್ಷಗಟ್ಟಲೆ ಔಷಧ ಕೊಟ್ಟರು. ಹಾಗೆ 'ಬದಲಾಯಿಸುವ' ಚಿಕಿತ್ಸೆಯನ್ನು ವೃತ್ತಿದ್ರೋಹವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಸಾರಿದ್ದು 2022ರಲ್ಲಿ. ವೈದ್ಯನೆದುರು ಸುಳ್ಳು ಹೇಳಬೇಕಾಗಿ ಬಂದವನಿಗೆ ಯಾವ ರೋಗಕ್ಕಾದರೂ ಸರಿಯಾದ ಮದ್ದು ಹೇಗೆ ದೊರಕೀತು?

ವಯಸ್ಸಾದವರ ಪಾಲಿಗೆ ನಮ್ಮ ಭಾಷೆಯಲ್ಲಿ ಒಂದು ಕಠೋರವಾದ ಮಾತಿದೆ. ಅರವತ್ತಕ್ಕೆ ಅರಳುಮರಳು ಎಂದುಬಿಟ್ಟರೆ ಮುಗಿಯಿತು. ಮರೆವು, ಮಂಕು, ನಿದ್ದೆಗೇಡಿತನ, ಅಕಾರಣ ಅಳು ಎಲ್ಲವೂ ಆ ಒಂದೇ ಮಾತಿನ ಹೊಟ್ಟೆಗೆ ಹೋಗುತ್ತವೆ, ಪರೀಕ್ಷೆ ಮಾಡಿಸುವ ಪ್ರಮೇಯವೇ ಬರುವುದಿಲ್ಲ. ನನ್ನ ದೊಡ್ಡಮ್ಮನ ವಿಷಯದಲ್ಲಿ ನಾವು ಮಾಡಿದ್ದೂ ಇದನ್ನೇ. ದೊಡ್ಡಪ್ಪ ಹೋದ ಮೇಲೆ ಅವರ ಮಾತು ಕಡಿಮೆಯಾಯಿತು. ಕೇಳಿದ್ದಕ್ಕೆ ಬೇರೇನೋ ಉತ್ತರ ಕೊಡತೊಡಗಿದರು. ಹಗಲೆಲ್ಲ ಶಾಲು ಹೊದ್ದು ಮೂಲೆಯಲ್ಲಿ ಕುಳಿತಿರುತ್ತಿದ್ದರು. ಎರಡು ವರ್ಷ ಮನೆಯವರೆಲ್ಲರೂ, ನಾನೂ, ಅವರ ಎದುರಿನಲ್ಲಿಯೇ ಆ ಮಾತನ್ನು ಆಡಿದೆವು. ಒಬ್ಬ ವೈದ್ಯರಂತೂ ನಾವು ಹೇಳಿದ್ದನ್ನು ಕೇಳಿ, ವಯಸ್ಸಿನ ಧರ್ಮ ಎಂದು ಶಕ್ತಿಯ ಗುಳಿಗೆ ಬರೆದು ಕಳಿಸಿದ್ದರು. ಕೊನೆಗೆ ಇನ್ನೊಂದು ಆಸ್ಪತ್ರೆಯಲ್ಲಿ ಎಳೆವಯಸ್ಸಿನ ವೈದ್ಯೆಯೊಬ್ಬರು ನಮ್ಮನ್ನೆಲ್ಲ ಹೊರಗೆ ಕಳಿಸಿ, ಕುರ್ಚಿಯನ್ನು ದೊಡ್ಡಮ್ಮನ ಹತ್ತಿರಕ್ಕೆ ಎಳೆದುಕೊಂಡು, ಕಿವಿಯ ಬಳಿ ಬಾಗಿ, "ಅಮ್ಮಾ, ನೀವೇ ಹೇಳಿ" ಎಂದರಂತೆ. ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆದಾಗ ಅವರ ಕೈಯಲ್ಲಿ ಎರಡು ಚೀಟಿಗಳಿದ್ದವು, ಒಂದು ಥೈರಾಯ್ಡ್ ಪರೀಕ್ಷೆಗೆ, ಇನ್ನೊಂದು ಶ್ರವಣ ಪರೀಕ್ಷೆಗೆ. ಕಿವಿ ಮಂದವಾದುದನ್ನು ಏಕೆ ಹೇಳಲಿಲ್ಲವೆಂದು ದಾರಿಯಲ್ಲಿ ನಾನು ಕೂಗಿ ಕೇಳಿದಾಗ ದೊಡ್ಡಮ್ಮ ಆಟೋದ ಹೊರಗೆ ನೋಡುತ್ತ, "ಕುಂಕುಮ ಹೋದವಳಿಗೆ ಇನ್ನೊಂದು ಖರ್ಚು ಯಾಕೆ ಅಂತ ಸುಮ್ಮನಿದ್ದೆ ಕಣಪ್ಪ" ಎಂದರು.