ಹೊಲದ ಕಲ್ಲೂ ನಾಡಿನ ಚರಿತ್ರೆಯೂ

ನೇಗಿಲಿಗೆ ಅಡ್ಡ ಬಂದ ಕಲ್ಲನ್ನು ಬದುವಿಗೆ ಎಸೆಯುವುದು ನಮ್ಮ ರೈತನ ಅನಾದಿ ವಾಡಿಕೆ, ಅದು ದೋಷವಲ್ಲ. ಆದರೆ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಹೀಗೆ ಬದು ಸೇರುವ ಕಲ್ಲುಗಳಲ್ಲಿ ಕೆಲವು ಮನುಷ್ಯಕುಲದ ಅತಿ ಪ್ರಾಚೀನ ಕೈಗೆಲಸಗಳೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಹುಣಸಗಿಯ ಬಳಿಯ ಇಸಾಂಪುರದಲ್ಲಿ ಇಂಥದೊಂದು ನೆಲೆಯನ್ನು 1983ರಲ್ಲಿ ಕಂಡುಹಿಡಿದವರು ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರಾದ ಶ್ರೀ ಕೆ. ಪದ್ದಯ್ಯನವರು. 1997ರಿಂದ ಕೆಲವು ವರ್ಷ ಅಲ್ಲಿ ಉತ್ಖನನ ನಡೆಯಿತು. ಆದಿಮಾನವರು ಅಲ್ಲಿಯ ಸುಣ್ಣಕಲ್ಲಿನ ಹಾಸಿನಿಂದ ಚಪ್ಪಡಿಗಳನ್ನು ಎಬ್ಬಿಸಿ, ಗಟ್ಟಿ ಗುಂಡುಗಲ್ಲುಗಳಿಂದ ಬಡಿದು, ಕೈಗೊಡಲಿ ಮೊದಲಾದ ಆಯುಧಗಳನ್ನು ಮಾಡುತ್ತಿದ್ದರು. ಮುಗಿದ ಆಯುಧ, ಅರೆಗೆಲಸ, ಸಿಡಿದ ಚಕ್ಕೆ, ಬಡಿದ ಕಲ್ಲು ಎಲ್ಲವೂ ಒಂದೆಡೆ ದೊರೆತವು. ಜೊತೆಗೆ ಸಿಕ್ಕಿದ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿದ ಶಾಸ್ತ್ರಜ್ಞರು ಈ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ವಯಸ್ಸನ್ನು ಹೇಳಿದ್ದಾರೆ. ಹಲ್ಮಿಡಿಯ ಶಾಸನಕ್ಕೆ ಸುಮಾರು 1,500 ವರ್ಷವೆಂದು ಹೆಮ್ಮೆಪಡುವ ನಾವು ಈ ಅಂತರವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ಇದೇ ಸೀಮೆಯಲ್ಲಿ ಚಕಮಕಿ ಜಾತಿಯ ಕಲ್ಲಿನ ಸಣ್ಣ ಅಲಗುಗಳೂ ದೊರೆತಿವೆ. ಅವು ಬಹಳ ಈಚಿನವು. ತಾನಾಗಿ ಒಡೆದ ಕಲ್ಲಿಗೂ ಮನುಷ್ಯನು ಒಡೆದುದಕ್ಕೂ ಭೇದವುಂಟು. ಏಟು ಬಿದ್ದ ತಾಣದಲ್ಲಿ ಚಕ್ಕೆಯು ಉಬ್ಬಿರುತ್ತದೆ. ಎರಡು ಮಗ್ಗುಲಿನಿಂದಲೂ ಚಕ್ಕೆಯೆಬ್ಬಿಸಿದ ಗುರುತುಗಳು ಒಂದೇ ಅಂಚಿಗೆ ಬಂದು ಕೂಡುತ್ತವೆ.

ಕೃಷ್ಣೆಯ ಕಾಲುವೆ ಬಂದ ಮೇಲೆ ಈ ಸೀಮೆಯ ಹೊಲಗಳು ಮಟ್ಟವಾಗಿ ಗದ್ದೆಗಳಾಗುತ್ತಿವೆ. ನೀರು ಬೇಡವೆನ್ನುವ ಅವಿವೇಕ ನಮಗಿಲ್ಲ. ಬರದ ನಾಡಿಗೆ ನೀರೇ ಪ್ರಾಣ. ಆದರೆ ಕಲ್ಲಿನ ಮಾತು ಅದು ಬಿದ್ದಿರುವ ನೆಲದಲ್ಲಿದೆ. ಯಾವ ಪದರದಲ್ಲಿ, ಯಾವುದರ ಜೊತೆಗೆ ಇತ್ತೆಂಬುದು ಅಳಿದರೆ, ಅದು ಸಾಕ್ಷಿ ಹೇಳಲಾರದ ಮೂಕನಾಗುವುದು. ಯಂತ್ರವು ಒಂದು ದಿನದಲ್ಲಿ ಕೆಡಿಸಿದ ನೆಲೆಯನ್ನು ಯಾವ ಸರಕಾರವೂ ಮರಳಿ ಕಟ್ಟಲಾರದು.

ಆದುದರಿಂದ ಸರಕಾರದವರು ಇಂಥ ನೆಲೆಗಳನ್ನು ಸರ್ವೆ ನಂಬರುಸಹಿತ ಗುರುತಿಸಿ, ಮಟ್ಟಮಾಡುವುದಕ್ಕೆ ಮೊದಲೇ ಪರೀಕ್ಷೆ ಮಾಡಿಸತಕ್ಕದ್ದು. ಊರಿನ ಉಪಾಧ್ಯಾಯರಿಗೆ ಈ ಕಲ್ಲುಗಳ ಪರಿಚಯ ಮಾಡಿಕೊಡಬೇಕು. ತಿಳಿಸಿದ ರೈತನಿಗೆ ಹೊಲ ಹೋದೀತೆಂಬ ಭಯವಿರಬಾರದು. ಬೆಳೆನಷ್ಟಕ್ಕೆ ಪರಿಹಾರವೂ, ಶೋಧದಲ್ಲಿ ಅವನ ಹೆಸರೂ ಸಲ್ಲಬೇಕು.

1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಇಂಥ ಕಲ್ಲನ್ನೆತ್ತಿ ನಮ್ಮ ದೇಶದ ಶಿಲಾಯುಗವನ್ನು ಜಗತ್ತಿಗೆ ಸಾರಿದವನು ಬ್ರೂಸ್ ಫುಟ್ ಎಂಬ ಆಂಗ್ಲೇಯ. ಆಗ ನಾವು ಪರಾಧೀನರು. ಇಂದು ಶೋಧಿಸುವವರೂ ನಮ್ಮವರು, ಆಳುವವರೂ ನಮ್ಮವರು. ಈ ಕಲ್ಲುಗಳಿಗೆ ಜಾತಿಯಿಲ್ಲ, ಮತವಿಲ್ಲ, ಭಾಷೆಯೂ ಇಲ್ಲ. ಎಲ್ಲರಿಗೂ ಸಮವಾಗಿ ಸಲ್ಲುವ ಆಸ್ತಿ ಇದು. ಇನ್ನು ಕಳೆದುಕೊಂಡರೆ ಅನ್ಯರನ್ನು ದೂಷಿಸಲು ನಮಗೆ ಎಡೆಯಿಲ್ಲ.