ಟ್ರಂಕಿನೊಳಗಿನ ಬಾಂಡು

ಶಹಾಪುರದ ನಮ್ಮ ಮನೆಯ ತಗಡಿನ ಟ್ರಂಕಿನಲ್ಲಿ ಹೊಲದ ಪಹಣಿ, ನನ್ನ ಮಾರ್ಕ್ಸ್ ಕಾರ್ಡು, ಅಪ್ಪನ ಜೀವವಿಮೆಯ ಬಾಂಡು ಒಟ್ಟಿಗೇ ಇರುತ್ತವೆ. ಹತ್ತಿ ಮಾರಿದ ರೊಕ್ಕದಲ್ಲಿ ಅಪ್ಪ ಏಳು ವರ್ಷ ತಪ್ಪದೆ ಕಂತು ಕಟ್ಟಿದ್ದ. ಕಳೆದ ವರ್ಷ ಕಂತಿನ ಹೊತ್ತಿಗೆ ಸುರಪುರದ ಸಂತೆಯಲ್ಲಿ ಯಾರೋ ಏನೋ ಹೇಳಿದ್ದರು. ಮನೆಗೆ ಬಂದವನೇ, ‘ಆ ಕಂಪನಿ ಮುಚ್ಚತದಂತ. ಇನ್ನ ಯಾಕ ರೊಕ್ಕ ಕಟ್ಟೋದು?’ ಅಂದ. ಏಜೆಂಟ್ ಫೋನ್ ಎತ್ತಲಿಲ್ಲ.

ಬಿ.ಕಾಂ. ಓದಿದ ನನಗೂ ಉತ್ತರ ಗೊತ್ತಿರಲಿಲ್ಲ. ಬ್ಯಾಂಕ್ ಪರೀಕ್ಷೆಗೆ ಓದಲು ಹೋಗುವ ಯಾದಗಿರಿಯ ಗ್ರಂಥಾಲಯದಲ್ಲಿ ಅಂದು ಗಣಿತ ಬದಿಗಿಟ್ಟು ಇದನ್ನೇ ಹುಡುಕಿದೆ.

ಬ್ಯಾಂಕ್ ಮುಳುಗಿದರೆ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಎಲ್‌ಐಸಿ ಪಾಲಿಸಿಗೆ 1956ರ ಕಾಯ್ದೆಯಡಿ ಕೇಂದ್ರ ಸರ್ಕಾರದ ಖಾತರಿಯಿದೆ. ಖಾಸಗಿ ಕಂಪನಿಯ ಪಾಲಿಸಿಗೆ ಇವೆರಡೂ ಇಲ್ಲ! ಎದೆ ಧಸಕ್ಕೆಂದಿತು.

ಆದರೆ ಕಂಪನಿಗೆ ಬೀಗ ಬೀಳುವವರೆಗೆ ವಿಮಾ ನಿಯಂತ್ರಣ ಪ್ರಾಧಿಕಾರ ಸುಮ್ಮನೆ ಕೂರುವುದಿಲ್ಲ. ಸಹಾರಾ ಲೈಫ್‌ಗೆ ಅದು 2017ರ ಜೂನ್‌ನಲ್ಲಿ ಆಡಳಿತಾಧಿಕಾರಿಯನ್ನು ನೇಮಿಸಿತು. 2023ರ ಜೂನ್ 2ರಂದು ಸುಮಾರು 2 ಲಕ್ಷ ಪಾಲಿಸಿಗಳ ಹೊಣೆಯನ್ನು ಎಸ್‌ಬಿಐ ಲೈಫ್‌ಗೆ ವಹಿಸಿ ಆದೇಶಿಸಿತು. ಕಂಪನಿ ಮೇಲ್ಮನವಿ ಹೋಗಿ ತಡೆ ತಂದಿತು. ಅಂದರೆ ಪಾಲಿಸಿ ಉಳಿಸುವ ದಾರಿ ಇದೆ, ಆದರೆ ಅದು ಸಲೀಸಲ್ಲ. ಕಂಪನಿಯನ್ನೇ ಸಮಾಪನಗೊಳಿಸಿದರೆ, ಪಾಲಿಸಿಯ ಅಂದಿನ ಮೌಲ್ಯ ಲೆಕ್ಕಹಾಕಿ ಉಳಿದ ಆಸ್ತಿಯಲ್ಲಿ ಕೊಡುತ್ತಾರೆ. ಬಾಂಡಿನಲ್ಲಿ ಬರೆದಷ್ಟೂ ಸಿಗುತ್ತದೆಂಬ ಭರವಸೆಯಿಲ್ಲ.

ಹಾಗಾದರೆ ನಮ್ಮ ಕಂಪನಿಯ ಸ್ಥಿತಿ ಏನು? ಪ್ರತಿ ವಿಮಾ ಕಂಪನಿಯ ‘ಸಾಲ್ವೆನ್ಸಿ ಅನುಪಾತ’ ಕನಿಷ್ಠ 1.5 ಇರಬೇಕು. ಹೊಣೆ ತೀರಿಸಿ ಎಷ್ಟು ಆಸ್ತಿ ಉಳಿಯುತ್ತದೆ ಎಂಬುದರ ಅಳತೆ ಅದು. ಕಂಪನಿಯ ಜಾಲತಾಣದಲ್ಲೇ ಸಿಕ್ಕಿತು, 1.5ಕ್ಕಿಂತ ಮೇಲಿತ್ತು. ಸಂತೆಯ ಮಾತು ಬರೀ ಗಾಳಿಸುದ್ದಿ.

ಕಂತು ಕಟ್ಟಲು ಇದ್ದ 30 ದಿನಗಳ ರಿಯಾಯಿತಿ ಅವಧಿಯಲ್ಲಿ ನಾಲ್ಕೇ ದಿನ ಬಾಕಿಯಿತ್ತು. ಅದು ಮೀರಿದ್ದರೆ ಕಂಪನಿ ಮುಳುಗದಿದ್ದರೂ ನಮ್ಮ ಪಾಲಿಸಿಯ ಪೂರ್ಣ ರಕ್ಷಣೆ ತಪ್ಪುತ್ತಿತ್ತು. ಅಂದೇ ಕಟ್ಟಿದೆವು.

ರಸೀದಿ ಟ್ರಂಕಿಗೆ ಹಾಕುತ್ತಾ ಅಪ್ಪ, ‘ಬೆಳಿ ನೋಡಾಕ ಹೊಲಕ್ಕ ಹೋಗ್ತೀವಿ. ಇದನ್ನೂ ವರ್ಷಕ್ಕೊಮ್ಮೆ ನೋಡಬೇಕ್ ನೋಡು’ ಅಂದ. ಈಗ ಆ ಕೆಲಸ ನನ್ನದು. ನಿಮ್ಮ ಮನೆಯ ಟ್ರಂಕನ್ನೂ ಒಮ್ಮೆ ತೆಗೆದು ನೋಡಿ.