ಅತ್ತೆ, ಮಾವ ಮತ್ತು ಇರಾವತಿ ಕರ್ವೆ

ಕನ್ನಡದಲ್ಲಿ ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅಮ್ಮನ ಅಣ್ಣನೂ ಮಾವ, ಗಂಡನ ತಂದೆಯೂ ಮಾವ. ದಿನಕ್ಕೆ ಹತ್ತು ಸಲ ಹೀಗೆ ಕರೆಯುತ್ತೇವೆ, ಯಾಕೆ ಅಂತ ಯೋಚಿಸೋದಿಲ್ಲ. ಹಿಂದಿಯವರಿಗೆ ಅಪ್ಪನ ತಂಗಿ ಬುವಾ, ಗಂಡನ ತಾಯಿ ಸಾಸ್. ಇಂಥ ಮನೆಮಾತುಗಳನ್ನೇ ಕೂಡಿಹಾಕಿ, ಅವುಗಳಿಂದ ದೇಶದ ಸಂಸಾರಗಳ ಕಥೆ ಬಿಡಿಸಿದಾಕೆ ಪುಣೆಯ ಡಾ. ಇರಾವತಿ ಕರ್ವೆ. ಭಾರತದ ಮೊದಲ ಮಹಿಳಾ ಮಾನವಶಾಸ್ತ್ರಜ್ಞೆ ಎಂದೇ ಹೆಸರಾದವರು.

ಹುಟ್ಟಿದ್ದು 1905ರಲ್ಲಿ, ಬರ್ಮಾದಲ್ಲಿ. ಅಲ್ಲಿನ ಐರಾವತಿ ನದಿಯ ಹೆಸರನ್ನೇ ಮಗುವಿಗೆ ಇಟ್ಟರು. ಓದಲೆಂದು ಚಿಕ್ಕಂದಿನಲ್ಲೇ ಪುಣೆಗೆ ಕಳಿಸಿದರು. ಮುಂದೆ ಸೊಸೆಯಾಗಿ ಸೇರಿದ್ದು, ವಿಧವೆಯರ ವಿದ್ಯೆಗಾಗಿ ಬಾಳು ಸವೆಸಿದ ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಮನೆಗೆ. ಇನ್ನೇನು, ದಾರಿ ಸಲೀಸು ಅಂದುಕೊಂಡಿರಾ? ಸೊಸೆ ಜರ್ಮನಿಗೆ ಓದಲು ಹೊರಟಾಗ ಆ ಮಾವನವರಿಗೂ ಅದು ಒಪ್ಪಿಗೆಯಾಗಲಿಲ್ಲ! ಊರ ಹೆಣ್ಣುಮಕ್ಕಳಿಗೆ ಶಾಲೆ ಕಟ್ಟೋದು ಬೇರೆ, ಸ್ವಂತ ಸೊಸೆಯನ್ನು ಹಡಗು ಹತ್ತಿಸೋದು ಬೇರೆ. ಬೆನ್ನಿಗೆ ನಿಂತವರು ಪತಿ ದಿನಕರರು, ರಸಾಯನಶಾಸ್ತ್ರದ ಪ್ರಾಧ್ಯಾಪಕರು.

ಬರ್ಲಿನ್‌ನಲ್ಲಿ ಆಕೆಯ ಗುರು ಆಯ್ಗನ್ ಫಿಷರ್. ಬಿಳಿಯರ ತಲೆಬುರುಡೆಯ ಆಕಾರದಲ್ಲೇ ಅವರ ಹೆಚ್ಚಿನ ಬುದ್ಧಿಯ ಗುರುತಿದೆ ಎಂಬುದು ಆತನ ಎಣಿಕೆ. ಅದನ್ನು ಅಳೆದು ತೋರಿಸುವ ಕೆಲಸ ಈ ಶಿಷ್ಯೆಗೆ ಬಂತು. ನೂರಕ್ಕೂ ಹೆಚ್ಚು ಬುರುಡೆ ಅಳೆದ ಇರಾವತಿಯವರು ಅಂಥ ವ್ಯತ್ಯಾಸವೇನೂ ಕಾಣಲಿಲ್ಲ ಅಂತ ಬರೆದರು. ಮುಂದೆ ನಾತ್ಸಿಗಳು ಫಿಷರ್‌ನ ವಿಚಾರಗಳನ್ನೇ ಆಧಾರ ಮಾಡಿಕೊಂಡರು. ಪರದೇಶದಲ್ಲಿ, ತನ್ನ ಪದವಿ ಯಾರ ಕೈಯಲ್ಲಿದೆಯೋ ಆ ಗುರುವಿಗೇ ಎದುರಾಗಿ ಬರೆಯಬೇಕಾದರೆ ಎಂಥ ಎದೆಗಾರಿಕೆ ಬೇಕು, ನೀವೇ ಹೇಳಿ.

1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಸೇರಿ, ಕೊನೆಯವರೆಗೂ ಅಲ್ಲೇ ಇದ್ದರು. ಮೂರು ಮಕ್ಕಳ ತಾಯಿ. ಮನೆ ಬಿಟ್ಟು ಹಳ್ಳಿಹಳ್ಳಿ ಸುತ್ತಿ ಜನರನ್ನು ಕಂಡು ಬರುತ್ತಿದ್ದರು. ಪುಣೆಯ ಬೀದಿಯಲ್ಲಿ ಸೀರೆ ಉಟ್ಟು ಸ್ಕೂಟರ್ ಓಡಿಸುತ್ತಿದ್ದರಂತೆ. ಜನ ಏನಂದುಕೊಂಡಾರು ಅಂತ ಕೂತವರಲ್ಲ.

ಭಾರತದ ಬಂಧುತ್ವದ ಬಗ್ಗೆ ಅವರ ದೊಡ್ಡ ಗ್ರಂಥ ಬಂದದ್ದು 1953ರಲ್ಲಿ. ಉತ್ತರದಲ್ಲಿ ಹೆಣ್ಣನ್ನು ಗೊತ್ತಿಲ್ಲದ ಮನೆಗೆ, ಬೇರೆ ಊರಿಗೆ ಕೊಡುತ್ತಾರೆ. ತವರಲ್ಲಿ ಓಡಾಡಿಕೊಂಡಿದ್ದ ಮಗಳು ಅಲ್ಲಿ ಮುಸುಕು ಎಳೆದ ಸೊಸೆ, ಎರಡು ಜನ್ಮ ಇದ್ದ ಹಾಗೆ. ಕರ್ನಾಟಕವೂ ಸೇರಿದ ದಕ್ಷಿಣದಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಕೊಡುವ ರೂಢಿ. ಹುಡುಗಿ ಹೋಗುವುದು ಎತ್ತಿ ಆಡಿಸಿದವರ ಮನೆಗೇ. ಅದಕ್ಕೇ ಅತ್ತೆ ಎಂಬ ಒಂದೇ ಮಾತು ಎರಡು ಕಡೆಗೂ ಸಾಲುತ್ತದೆ.

ಹಾಗಂತ ನಮ್ಮಲ್ಲಿ ಸೊಸೆಯರ ಕಣ್ಣೀರು ಕಡಿಮೆ ಅಂತ ನಾನು ಒಪ್ಪೋದಿಲ್ಲ. ಸ್ವಂತ ಸೋದರತ್ತೆಯೇ ಆದರೆ ಎದುರಾಡಲೂ ಆಗದು, ತವರಲ್ಲಿ ಹೇಳಿಕೊಂಡರೆ ಅಪ್ಪನಿಗೆ ಅಕ್ಕನೂ ಬೇಕು ಮಗಳೂ ಬೇಕು. ಹುಟ್ಟುವ ಮಕ್ಕಳ ಆರೋಗ್ಯದ ದೃಷ್ಟಿಯಿಂದ ಹತ್ತಿರದ ಸಂಬಂಧ ಬೇಡ ಅಂತ ಡಾಕ್ಟರೂ ಹೇಳುತ್ತಾರೆ. ಆದರೆ ಮದುವೆಯಾದ ಹುಡುಗಿ ಹೊಸ ಮನೆಯಲ್ಲಿ ಯಾರ ನಡುವೆ ನಿಲ್ಲುತ್ತಾಳೆ ಎಂಬ ಪ್ರಶ್ನೆಯನ್ನು ಪಂಡಿತರ ಪುಸ್ತಕದೊಳಕ್ಕೆ ತಂದರಲ್ಲ, ಅದು ದೊಡ್ಡದು.

ಮಹಾಭಾರತವನ್ನೂ ಅದೇ ಕಣ್ಣಿಂದ ನೋಡಿ ಮರಾಠಿಯಲ್ಲಿ ‘ಯುಗಾಂತ’ ಬರೆದರು. ಗಾಂಧಾರಿ, ಕುಂತಿ, ದ್ರೌಪದಿಯರು ಅಲ್ಲಿ ದೇವಿಯರಲ್ಲ, ಸಂಸಾರದಲ್ಲಿ ಸಿಕ್ಕಿಕೊಂಡ ಹೆಂಗಸರು. ಧರ್ಮರಾಯ ವಿದುರನ ಮಗನಿರಬಹುದೇ ಅಂತಲೂ ಕೇಳುತ್ತಾರೆ! 1968ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

1969ರಲ್ಲಿ ಕೊಯ್ನಾ ಅಣೆಕಟ್ಟಿನಿಂದ ಮನೆಮಠ ಕಳೆದುಕೊಂಡವರ ಬಗ್ಗೆ ಮಗಳು ಜಾಯಿ ನಿಂಬಕರ್ ಜತೆ ಸೇರಿ ಬರೆದ ವರದಿ ಹೊರಬಂತು. ಮರುವರ್ಷ ಆಗಸ್ಟ್‌ನಲ್ಲಿ ಇರಾವತಿಯವರು ತೀರಿಕೊಂಡರು. ಮೊಮ್ಮಗಳು ಊರ್ಮಿಳಾ ದೇಶಪಾಂಡೆ ಇನ್ನೊಬ್ಬರೊಡನೆ ಸೇರಿ ಬರೆದ ಅಜ್ಜಿಯ ಜೀವನಚರಿತ್ರೆ ‘ಇರು’ 2024ರಲ್ಲಿ ಇಂಗ್ಲಿಷಿನಲ್ಲಿ ಬಂದಿದೆ.